ಎಡ ಮಂಡಿಯ ಸುದ್ದಿ

ಟೆಸ್ಸಾ ಕಾಂಬ್ಸ್‌ಗೆ ವಕೀಲರಿರಲಿಲ್ಲ. ಮೇಜಿನ ಆಚೆ ಕೂತವರಿಗೆ ಇದ್ದರು.

ಅಭಿಮಾನಿಗಳ ಜಾಲತಾಣದಲ್ಲಿ ಮಂಗಳವಾರ ಬಂದ ಸಾಲುಗಳನ್ನು ಆ ವಕೀಲ ಗಟ್ಟಿಯಾಗಿ ಓದಿದ. ಟೆರೆಲ್ ಪ್ರುಯಿಟ್‌ನ ಎಡ ಮಂಡಿಯೊಳಗಿನ ಮೃದ್ವಸ್ಥಿ ಹರಿದಿದೆ. ನೀರು ತೆಗೆದಿದ್ದಾರೆ, ಮತ್ತೆ ತುಂಬಿದೆ. ಮೂರು ವಾರ ಆಡಬಾರದೆಂದು ವೈದ್ಯರು ಹೇಳಿದ್ದಾರೆ. ಬರೆದವರ ಹೆಸರಿರಲಿಲ್ಲ.

ಕೆಂಟಕಿಯ ಹಾರ್ಲೋ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಟೆರೆಲ್ ಎಂದರೆ ಅರ್ಧ ತಂಡ. ಶನಿವಾರ ಪಕ್ಕದ ಊರಿನ ಕಾಲೇಜಿನ ಮೇಲೆ ಪಂದ್ಯ. ಟೆಸ್ಸಾ ತಂಡದ ಕಿರಿಯ ಫಿಸಿಯೋ. ಟೆರೆಲ್‌ನ ಮಂಡಿ ಅವಳ ಜವಾಬ್ದಾರಿ. ಆ ಕೆಲಸಕ್ಕೆ ಬದಲಾಗಿ ಕಾಲೇಜು ಅವಳನ್ನು ಎಂ.ಎಸ್‌ಸಿ. ಓದಿಸುತ್ತಿತ್ತು. ಕೆಲಸ ಹೋದರೆ ಓದೂ ಹೋಗುತ್ತದೆ.

"ಇದು ಗೊತ್ತಿದ್ದಿದ್ದು ಮೂರೇ ಜನಕ್ಕೆ," ಕೋಚ್ ಹ್ಯಾನ್ಲಿನ್ ಬೆರಳು ಮಡಚಿದ. "ಡಾಕ್ಟರು, ನಾನು, ನೀನು. ಡಾಕ್ಟರು ಹೆಂಡ್ತಿ ಹತ್ರಾನೂ ಬಾಯಿ ಬಿಡೋನಲ್ಲ. ನಾನು ಬರೀತೀನಾ? ನಾಳಿದ್ದು ಒಂದು ಇಂಜೆಕ್ಷನ್ ಹಾಕಿ ಆಡಿಸ್ತಿದ್ದೆ. ಈಗ ಕಾಲೇಜಿನ ಅಧ್ಯಕ್ಷರೇ ಫೋನ್ ಮಾಡಿ ಬೇಡ ಅಂತಾರೆ."

"ಒಳ್ಳೇದೇ ಆಯ್ತಲ್ಲ," ಎಂದಳು ಟೆಸ್ಸಾ.

ವಕೀಲ ಅದನ್ನು ಬರೆದುಕೊಂಡ.

ಕ್ರೀಡಾ ವಿಭಾಗದ ಮುಖ್ಯಸ್ಥೆ ಆಲ್ಡ್ರಿಜ್ ಮೇಡಂ ಮೆದುವಾಗಿ ಮಾತಾಡುವವಳು. "ನಾನು ಬರೆದಿಲ್ಲ ಅಂತ ಒಂದು ಮಾತು ಹೇಳಮ್ಮ. ಮುಂದಿಂದು ನಾವು ನೋಡ್ಕೋತೀವಿ."

"ಮುಂದೆ ಏನು ನೋಡ್ತೀರ?"

"ನೀನಲ್ದಿದ್ರೆ ಬರೆದಿದ್ದು ಯಾರು ಅಂತ."

"ಹಾಗಾದ್ರೆ ಹೇಳಲ್ಲ."

"ಬರೆದಿದ್ದೀನಿ ಅಂತಾದ್ರೂ ಹೇಳು."

"ಅದನ್ನೂ ಹೇಳಲ್ಲ ಮೇಡಂ. ಚಿಕಿತ್ಸೆ ಮೇಜಿನ ಮೇಲೆ ಆಟಗಾರ ತೋರಿಸಿದ್ದು, ಹೇಳಿದ್ದು ಯಾವುದೂ ನನ್ನ ಬಾಯಿಂದ ಬರಲ್ಲ. ಸಹಿ ಹಾಕಿಸ್ಕೊಂಡಿದ್ದು ನೀವೇ."

ಕೋಚ್ ನಕ್ಕ. "ಊರಿಗೆಲ್ಲ ಹಂಚಿ ಮುಗಿಸಿ ಈಗ ಸಹಿ ಮಾತಾಡ್ತಾಳೆ." ಗಾಜಿನ ಬಾಗಿಲಿನಾಚೆ ಬೆಂಚಿನ ಮೇಲೆ ಟೆರೆಲ್ ಕೂತಿದ್ದ. ಮಂಡಿಯ ಮೇಲೆ ಮಂಜುಗಡ್ಡೆಯ ಚೀಲ, ಕಣ್ಣು ನೆಲದ ಮೇಲೆ. "ಆ ಹುಡುಗನ್ನ ನೋಡು. ನೀನು ಮಾಡಿರೋದನ್ನ ನೋಡು."

ಟೆಸ್ಸಾ ತಿರುಗಿ ನೋಡಿದಳು. "ಊತ ಇಳಿದಿದೆ," ಎಂದಳು.

ಆಲ್ಡ್ರಿಜ್ ಮೇಡಂ ಸೋಮವಾರದವರೆಗೆ ಸಮಯ ಕೊಟ್ಟಳು. ಒಂದು ಮಾತು, ಇಲ್ಲವೇ ಚಿಕಿತ್ಸೆ ಕೋಣೆಯ ಕೀಲಿಕೈ ಒಪ್ಪಿಸಿ ಕೆಲಸ ಬಿಡುವುದು.

ಸಂಜೆ ಟೆಸ್ಸಾ ಎಂದಿನ ಹೋಟೆಲಿಗೇ ಹೋದಳು. ತಪ್ಪಿಸಿಕೊಂಡು ತಿರುಗುವ ಮನಸ್ಸಿರಲಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಮಾತು ನಿಂತಿತು. ತಂಡದ ನೇರಳೆ ಟೋಪಿಗಳೆಲ್ಲ ಒಟ್ಟಿಗೆ ತಿರುಗಿದವು.

ಬಡಿಸುವ ಓಪಲ್, ಬನ್ನಿನಂಥ ಮೆತ್ತನೆಯ ಬಿಸ್ಕಿಟ್ಟಿಗೆ ಗ್ರೇವಿ ಸುರಿದ ತಟ್ಟೆಯನ್ನು ಕುಕ್ಕಿದಳು. "ನಿನ್ನೆ ಚರ್ಚಿನ ಬುಧವಾರದ ಕೂಟದಲ್ಲಿ ಪಾಸ್ಟರು ಅವನ ಮಂಡಿಗೆ ಪ್ರಾರ್ಥನೆ ಮಾಡ್ಸಿದ್ರು. ಎಡ ಮಂಡಿ ಅಂತ ಬಿಡಿಸಿ ಹೇಳಿದ್ರು."

"ದೇವರು ಗೊತ್ತಾಗ್ದೆ ಬಲಗಾಲಿಗೆ ಕೈ ಹಾಕಿಬಿಟ್ಟಾನು ಅಂತಲಾ?"

"ನಾಲಿಗೆ ನೋಡು ಇವಳದ್ದು."

ಪಕ್ಕದ ಮೇಜಿನಿಂದ ಡ್ವೈಟ್ ಎದ್ದು ಬಂದ. ಟೈರ್ ಅಂಗಡಿಯವನು, ತಂಡದ ಒಂದು ಪಂದ್ಯವನ್ನೂ ತಪ್ಪಿಸಿದವನಲ್ಲ. "ಏನಮ್ಮಾ ಟೆಸ್ಸಾ, ಆ ಊರಿನೋರಿಗೆ ಎಷ್ಟಕ್ಕೆ ಮಾರಿದೆ ನಮ್ಮ ಹುಡುಗನ್ನ?"

"ಡ್ವೈಟ್ ಮಾಮ, ನಿಮ್ಮ ಪ್ರಾಸ್ಟೇಟ್ ರಿಪೋರ್ಟು ತಂದು ಇಲ್ಲಿ ಗೋಡೆಗೆ ಅಂಟಿಸಿ. ಎಲ್ಲರೂ ಓದ್ಲಿ. ಆಮೇಲೆ ನಿಮ್ಮ ಹುಡುಗನ ವಿಷಯ ಮಾತಾಡೋಣ."

ಹಿಂದಿನ ಮೇಜಿನವರು ನಕ್ಕರು. ಡ್ವೈಟ್‌ನ ಕಿವಿ ಕೆಂಪಾಯಿತು. ಆದರೂ ಹೋಗಲಿಲ್ಲ. ಕುರ್ಚಿ ಎಳೆದು ಹತ್ತಿರ ಬಗ್ಗಿದ. "ಅದಿರ್ಲಿ. ಮಾರ್ಚ್ ಟೂರ್ನಿ ಹೊತ್ತಿಗೆ ಆಡ್ತಾನಾ?"

ಇಡೀ ಹೋಟೆಲು ಕಿವಿ ನೆಟ್ಟಿತು. ಕಾಫಿ ಹುಯ್ಯುತ್ತಿದ್ದ ಓಪಲ್‌ಳ ಕೈಯೂ ನಿಂತಿತು.

"ಅದು ಅವನ ಕಾಲು," ಎಂದು ಟೆಸ್ಸಾ ತಿಂಡಿ ಮುಗಿಸಿದಳು. ಹೊರಗೆ ಬಂದರೆ ಅವಳ ಕಾರಿನ ಗಾಜಿನ ಮೇಲೆ ಯಾರೋ ಲಿಪ್‌ಸ್ಟಿಕ್ಕಿನಲ್ಲಿ 'ದ್ರೋಹಿ' ಎಂದು ಬರೆದಿದ್ದರು. ಅಳಿಸದೆ ಹಾಗೆಯೇ ಓಡಿಸಿಕೊಂಡು ಹೋದಳು.

ಶನಿವಾರ ಟೆರೆಲ್ ಕೋಟು ತೊಟ್ಟು ಬೆಂಚಿನ ಮೇಲೆ ಕೂತ. ಹಾರ್ಲೋ ಹನ್ನೊಂದು ಅಂಕಗಳಿಂದ ಸೋತಿತು. ಕೊನೆಯ ನಿಮಿಷದಲ್ಲಿ ವಿದ್ಯಾರ್ಥಿಗಳ ಗ್ಯಾಲರಿ ಎದುರಾಳಿಯನ್ನು ಬಿಟ್ಟು ಟೆಸ್ಸಾಳ ಹೆಸರು ಹಿಡಿದು ಕೂಗಿತು. ಅವಳು ಬ್ಯಾಂಡೇಜಿನ ಪೆಟ್ಟಿಗೆ ಮುಚ್ಚಿ, ಅವರತ್ತ ಮುಖ ಮಾಡಿಯೇ ನಿಂತಳು, ಗಂಟೆ ಬಾರಿಸುವ ತನಕ.

ಸೋಮವಾರ ಆಲ್ಡ್ರಿಜ್ ಮೇಡಂ ಮತ್ತೆ ಅದೇ ಪ್ರಶ್ನೆ ಕೇಳಿದಳು. ಟೆಸ್ಸಾ ಕೀಲಿಕೈ ಮೇಜಿನ ಮೇಲಿಟ್ಟಳು. ವಕೀಲ ರಸೀದಿ ಕೊಟ್ಟ.

ಟೆರೆಲ್ ಊರುಗೋಲು ಊರಿಕೊಂಡು ಕಾರಿನವರೆಗೂ ಬಂದ. ಅವಳ ರಟ್ಟಿನ ಪೆಟ್ಟಿಗೆ ಹಿಡಿಯಲು ಹೋದ. ಅವಳು ಕೊಡಲಿಲ್ಲ.

"ಕಾಲಿನ ಮೇಲೆ ಭಾರ ಬಿಡ್ಬೇಡ ಅಂದಿದ್ದೆ," ಎಂದಳು.

"ಬಿಡಲ್ಲ. ಟೆಸ್ಸ್, ಈಗ್ಲೇ ಒಳಗೆ ಹೋಗಿ ಎಲ್ಲಾ ಹೇಳ್ಬಿಡ್ತೀನಿ."

"ಹೇಳಿದ ದಿನಾನೇ ನಿನ್ನ ತಂಡದಿಂದ ತೆಗೀತಾರೆ. ಆಟಕ್ಕೆ ಕೊಡೋ ಸ್ಕಾಲರ್‌ಶಿಪ್ ನಿಂತು ಓದೂ ಹೋಗತ್ತೆ. ಬಾಯಿ ಮುಚ್ಕೊಂಡು ಮಂಜುಗಡ್ಡೆ ಇಡು."

"ನೋಯ್ತಿದೆ ಅಂತ ಕೋಚ್‌ಗೆ ಎಷ್ಟು ಹೇಳಿದ್ರೂ ಕೇಳಿಸ್ಲಿಲ್ಲ," ಎಂದ ಟೆರೆಲ್. "ಅದಕ್ಕೇ ನಾನು ಇಡೀ ಊರಿಗೇ ಗೊತ್ತಾಗ್ಲಿ ಅಂತ ಬರೆದು ಹಾಕ್ದೆ." ಟೆಸ್ಸಾ ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ತಳ್ಳಿ ಬಾಗಿಲು ಹಾಕಿದಳು. ಹೋದದ್ದು ಒಂದು ಪಂದ್ಯ, ಒಂದು ಕೆಲಸ, ಒಂದೂವರೆ ವರ್ಷದ ಓದು.