ತೊಳೆದ ನೀರಿನ ತಟ್ಟೆ

ಅಮೃತಬಳ್ಳಿಯ ಕಾಂಡದೊಳಗೆ ವಾಸಿಸುವ ಶಿಲೀಂಧ್ರವೊಂದು ಔಷಧಗುಣದ ಅಂಟನ್ನು ತಯಾರಿಸುತ್ತದೆ ಎಂಬುದು ವಾರಿಜಳ ಸಂಶೋಧನೆ. ಆ ಶಿಲೀಂಧ್ರ ಹೊರಗಿನ ಕೊಳೆಯಲ್ಲ, ಒಳಗಿನ ನಿವಾಸಿಯೇ ಎನ್ನುವುದಕ್ಕೆ ಸಾಕ್ಷಿ ಒಂದೇ. ಕಾಂಡ ತೊಳೆದ ಕೊನೆಯ ನೀರನ್ನು ಗಾಜಿನ ತಟ್ಟೆಯೊಂದಕ್ಕೆ ಹಾಕಿ ಏಳು ದಿನ ಇಡಬೇಕು. ಅದರಲ್ಲಿ ಬೂಷ್ಟು ಎದ್ದರೆ ಶಿಲೀಂಧ್ರ ಹೊರಗಿನದೆಂದಾಗಿ ಮೂರು ವರ್ಷದ ದುಡಿಮೆ ಸೊನ್ನೆ.

ಆರು ದಿನ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಏಳನೆಯ ಬೆಳಿಗ್ಗೆ ಪ್ರಯೋಗಾಲಯದ ಬೀಗ ತೆಗೆಸಿ ತಟ್ಟೆಯನ್ನು ಬೆಳಕಿಗೆ ಹಿಡಿದಳು. ಅದು ನಿರ್ಮಲವಾಗಿತ್ತು.

“ಕೆಂಪಯ್ಯ, ನೋಡಿ! ಒಂದು ಚುಕ್ಕೆಯೂ ಇಲ್ಲ!”

ಇಪ್ಪತ್ತು ವರ್ಷದಿಂದ ಅಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದ ಕೆಂಪಯ್ಯನ ಮುಖ ಅರಳಿತು.

“ಸದ್ಯ, ನಕ್ಕಿರಲ್ಲ ತಾಯಿ. ವಾರದಿಂದ ಬಾಲ ಸುಟ್ಟ ಬೆಕ್ಕಿನಂಗೆ ತಿರುಗ್ತಿದ್ರಿ.”

ವಾರಿಜ ಮಾರ್ಗದರ್ಶಕರಿಗೆ ಫೋನು ಮಾಡಿದಳು. “ಸರ್, ತಟ್ಟೆಯಲ್ಲಿ ಏನೂ ಬೆಳೆದಿಲ್ಲ. ಪ್ರಬಂಧ ಕಳಿಸಿಬಿಡ್ಲಾ?”

“ಇನ್ನೇನು ಮುಹೂರ್ತ ನೋಡ್ಬೇಕಾ? ಕಳಿಸಮ್ಮ.”

ಕಳಿಸಿದಳು. ಆ ವಾರದಲ್ಲಿ ಮೊದಲ ಬಾರಿಗೆ ಕುರ್ಚಿಗೆ ಬೆನ್ನು ಕೊಟ್ಟು ಕುಳಿತಳು.

“ಎಲ್ಲಾ ನಿಮ್ಮ ಕೈಗುಣ, ಕೆಂಪಯ್ಯ.”

“ನಂದೇನಿದೆ ಬಿಡಿ,” ಎಂದು ಕೆಂಪಯ್ಯ ಸಂಕೋಚದಿಂದ ಕೈ ಒರೆಸಿಕೊಂಡ. “ನಿನ್ನೆ ಸಂಜೆ ಅದ್ರಲ್ಲಿ ಬಿಳೀ ಬೂಷ್ಟು ಎದ್ದಿತ್ತು. ಕಂಡ್ರೆ ಎದೆ ಒಡ್ಕೋತೀರಿ ಅಂತ ತೊಳೆದುಬಿಟ್ಟು, ಹೊಸ ತಟ್ಟೆಗೆ ನಿಮ್ಮ ಚೀಟಿನೇ ಅಂಟಿಸಿಟ್ಟೆ.”