ಕ್ಯಾಂಪರಿನ ಸಿಂಕು

ಸೋಮವಾರ ಬೆಳಿಗ್ಗೆ ಶಿವಕ್ಕ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಬಾಗಿಲ ಮುಂದೆ ನಿಂತಿದ್ದ ಗಾಡಿಯೊಳಗಿಂದ ಗಂಡ ಕೂಗಿದ್ದು ಕೇಳಿಸಿತು. ಸೌಟು ಹಿಡಿದುಕೊಂಡೇ ಓಡಿದಳು.

ಭಾವ ಚನ್ನವೀರಪ್ಪನವರು ಸಿಂಕಿನ ಕೆಳಗೆ ಒರಗಿ ಕೂತಂತೆ ಇದ್ದರು. ಹಣೆಯ ವಿಭೂತಿ ಇನ್ನೂ ಹಸಿ. ಪೂಜೆಗೆ ಕೂತವರು ಹಾಗೆಯೇ ಹೋಗಿಬಿಟ್ಟಿದ್ದರು. ಬೀಳುವಾಗ ಆಸರೆಗೆಂದು ಸಿಂಕಿನ ಅಂಚು ಹಿಡಿದಿರಬೇಕು. ಅದು ಹಲಗೆಯಿಂದ ಕಿತ್ತುಕೊಂಡು ಒಂದು ಕಡೆಗೆ ವಾಲಿತ್ತು.

“ಪುಣ್ಯವಂತರು” ಎಂದಿತು ಬಸವೇಶ್ವರನಗರದ ಆ ಬೀದಿ. ಮದುವೆಯಾಗದ ಮನುಷ್ಯ. ಹಳೆಯ ಟೆಂಪೋ ಕೊಂಡು, ಅದರಲ್ಲಿ ಮಂಚ, ಒಲೆ, ಸಿಂಕು ಎಲ್ಲ ಕೂರಿಸಿ ಕ್ಯಾಂಪರ್ ಮಾಡಿಕೊಂಡು, ತಮ್ಮನನ್ನೂ ತಮ್ಮನ ಹೆಂಡತಿಯನ್ನೂ ಊರೂರು ಸುತ್ತಿಸಿದವರು. ಶ್ರೀಶೈಲದ ಘಾಟಿಯಲ್ಲಿ ಗಾಡಿ ಕೆಟ್ಟು ನಿಂತಾಗ, “ಶಿವನೇ ತಿಂಡಿಗೆ ನಿಲ್ಲಿಸಿದಾನೆ, ಇಳೀರಿ” ಎಂದು ಅವಲಕ್ಕಿ ಕಲಸಲು ಕೂತವರು.

ಸ್ನಾನ ಮಾಡಿಸಿ ವಿಭೂತಿ ಧರಿಸುವವರೆಗೆ ಅವರ ತಮ್ಮ, ಶಿವಕ್ಕನ ಗಂಡ ಶಂಭುಲಿಂಗಪ್ಪನವರು ಒಳಗೆ ಯಾರನ್ನೂ ಬಿಡಲಿಲ್ಲ. ಸಂಜೆಗೆ ಬ್ಯಾಡರಹಳ್ಳಿಯಾಚೆ, ವಾಡಿಕೆಯಂತೆ ಕುಳಿತ ಭಂಗಿಯಲ್ಲೇ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಬಿಲ್ವಪತ್ರೆ ತುಂಬಿ ಸಮಾಧಿ ಮಾಡಿದರು.

ಮರುದಿನವೇ ಶಂಭುಲಿಂಗಪ್ಪನವರು ಸಿಂಕು ಸರಿಮಾಡಲು ಗಾಡಿ ಹತ್ತಿದರು.

ನಾಲ್ಕು ಸ್ಕ್ರೂ, ಒಂದಿಷ್ಟು ಅಂಟು. ಅರ್ಧ ದಿನದ ಕೆಲಸ. ವಾರ ಕಳೆದರೂ ಮುಗಿಯಲಿಲ್ಲ. ಬೆಳಿಗ್ಗೆ ಸ್ನಾನವಾದೊಡನೆ ಗಾಡಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಪೂಜೆಯೂ ಅಲ್ಲೇ ಎಂದರು. ಅನ್ನ, ರೊಟ್ಟಿ ಮುಟ್ಟಲಿಲ್ಲ. ಹಾಲು, ಬಾಳೆಹಣ್ಣು ಅಷ್ಟೇ. ಅಂಥ ಸೆಕೆಯಲ್ಲೂ ಅಂಗಿಯ ಗುಂಡಿ ಕುತ್ತಿಗೆಯವರೆಗೆ.

“ವ್ರತ ಕಣೇ.”

“ಯಾವ ವ್ರತ ರೀ? ನಮ್ಮಲ್ಲಿ ಸೂತಕಾನೇ ಇಲ್ಲ. ಸಮಾಧಿ ಆದ ರಾತ್ರಿ ಮಠದ ಗುರುಗಳೇ ನಮ್ಮನೇಲಿ ಕೂತು ಪ್ರಸಾದ ತಗೊಂಡ್ರು. ನೀವೇನು ಅವರಿಗಿಂತ ದೊಡ್ಡೋರಾ?”

ಗಾಡಿಯ ಬಾಗಿಲು ಧಡ್ ಎಂದಿತು.

ಪಕ್ಕದ ಮನೆಯ ಯಶೋದಮ್ಮ ಕಾಂಪೌಂಡಿನ ಮೇಲಿಂದ ಬಗ್ಗಿದಳು. “ಶಿವಕ್ಕ, ಬೇಜಾರು ಮಾಡ್ಕೋಬೇಡಿ. ಮನೇಲಿ ಊಟ ಬಿಟ್ಟ ಗಂಡಸು ಹೊರಗೆಲ್ಲೋ ತಿಂತಾನೇ. ನಿಮ್ಮ ಯಜಮಾನ್ರು ನಿನ್ನೆ ಬೇಕರಿ ಹತ್ರ ನಿಂತಿದ್ರು. ಅಲ್ಲಿ ಎಗ್ ಪಫ್ಸು ಬಲು ಫೇಮಸ್ಸು.”

“ನಮ್ಮನೇರಾ? ಬರ್ತ್‌ಡೇ ಕೇಕ್ ಕಂಡ್ರೇ ಎದ್ದು ವರಾಂಡಕ್ಕೆ ಹೋಗೋರು!”

ಹಾಗೆ ಅಂದಳೇ ಹೊರತು ಅನುಮಾನ ಹೊಕ್ಕಿತು. ಆದರೆ ಕದ್ದು ತಿನ್ನುವ ಮನುಷ್ಯ ಹೀಗೆ ಸೊರಗುತ್ತಾನೆಯೇ? ಆ ದಿನ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದಿದ್ದರು. ಇನ್ನೊಂದು ವಾರ ಹೀಗೇ ಬಿಟ್ಟರೆ ಅಣ್ಣನ ಹಿಂದೆಯೇ ತಮ್ಮನೂ ಹೊರಟಾನು. ಕಳ್ಳತನವೋ ವ್ರತವೋ, ಇವತ್ತು ಅನ್ನ ತಿನ್ನಿಸಿಯೇ ತೀರಬೇಕು. ತಟ್ಟೆಗೆ ಬಿಸಿಬಿಸಿ ಅನ್ನ ಸಾರು ಬಡಿಸಿಕೊಂಡು ಹೋಗಿ ಬಾಗಿಲು ಬಡಿದಳು. ಚಿಲಕ ತೆಗೆಯುವವರೆಗೂ ಬಡಿದಳು.

ಒಳಗೆ ಸಿಂಕಿನ ಕೊಳವೆ ಬಿಚ್ಚಿ ಬಿದ್ದಿತ್ತು. ಪಕ್ಕದಲ್ಲಿ ಟಾರ್ಚು, ಕೊಕ್ಕೆಯಂತೆ ಬಗ್ಗಿಸಿದ ತಂತಿ. ಶಿವಕ್ಕ ಗಾಳಿಯನ್ನು ಮೂಸಿದಳು.

“ಎಲ್ಲಿ?”

“ಏನು?”

“ಎಗ್ ಪಫ್ಸು.”

ಶಂಭುಲಿಂಗಪ್ಪನವರು ಕಣ್ಣು ಬಿಟ್ಟುಕೊಂಡು ನೋಡಿದರು. ಆಮೇಲೆ ನಗು ಶುರುವಾಯಿತು. ನಕ್ಕು ನಕ್ಕು ಸಿಂಕಿಗೆ ತಲೆ ತಾಗಿಸಿಕೊಂಡರು. “ನಾನು ಹೋಗಿದ್ದು ಪಕ್ಕದ ಹಾರ್ಡ್‌ವೇರ್ ಅಂಗಡಿಗೆ ಕಣೇ, ತಂತಿ ತರೋಕೆ! ಅಣ್ಣ ಇದ್ದಿದ್ರೆ ಈ ಮಾತನ್ನ ಕಲಬುರ್ಗಿವರೆಗೂ ಹೇಳ್ಕೊಂಡು ಹೋಗಿರೋನು.”

“ಹಾಗಾದ್ರೆ ಏನು ಹುಡುಕ್ತಿದೀರಿ?”

ನಗು ನಿಂತಿತು. ಅವರ ಕಣ್ಣು ಮಾತ್ರ ಸಿಂಕಿನ ಹಿಂದೆ, ಹಲಗೆಗೂ ಗಾಡಿಯ ತಗಡಿಗೂ ನಡುವಿನ ಸಂದಿಗೆ ಹೋಯಿತು.

“ಪಕ್ಕಕ್ಕೆ ಸರೀರಿ. ನಿಮ್ಮ ಕೈ ಅಲ್ಲಿ ಹೋಗಲ್ಲ,” ಎಂದು ಶಿವಕ್ಕ ತಟ್ಟೆ ಕೆಳಗಿಟ್ಟು, ಬಳೆ ತೆಗೆದು, ಮೊಣಕೈವರೆಗೂ ಕೈ ತೂರಿಸಿದಳು. ಧೂಳು, ಒಂದು ಸ್ಕ್ರೂ, ಮತ್ತೆ ಧೂಳು. ಆಮೇಲೆ ನುಣುಪಾದ, ನೆಲ್ಲಿಕಾಯಿ ಗಾತ್ರದ ಏನೋ ಬೆರಳಿಗೆ ಸಿಕ್ಕಿತು. ಹೊರಗೆ ತೆಗೆದಳು.

ಲಿಂಗ.

ಕೊರಳಿನ ಲಿಂಗಕ್ಕೆ ಪೂಜೆಯಾಗದೆ ಶಂಭುಲಿಂಗಪ್ಪನವರು ಜನ್ಮದಲ್ಲಿ ಅನ್ನ ಮುಟ್ಟಿದವರಲ್ಲ. ಶಿವಕ್ಕನಿಗೆ ಎಲ್ಲ ಹೊಳೆಯಿತು.

“ಅಯ್ಯೋ ನನ್ನಪ್ಪ! ಲಿಂಗ ಬೀಳಿಸ್ಕೊಂಡು ಉಪವಾಸ ಇದ್ರಾ? ಕಟ್ಕೊಂಡ ಹೆಂಡ್ತಿಗೆ ಹೇಳೋಕೆ ಏನು ಧಾಡಿ ನಿಮಗೆ? ತಗೊಳ್ಳಿ, ಬೇಗ ಪೂಜೆ ಮುಗಿಸಿ. ಅನ್ನ ಆರ್ತಿದೆ.”

ಅವರು ಅದನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

“ಇದು ನಂದಲ್ಲ ಕಣೇ. ಅಣ್ಣಂದು.”

“ಭಾವನವರದಾ?”

“ಸ್ನಾನ ಮಾಡಿಸುವಾಗ ನೋಡಿದ್ರೆ ಅವನ ಕೊರಳಲ್ಲಿ ಲಿಂಗದ ಕರಡಿಗೆ ಖಾಲಿ. ಹೊರಗೆ ಅಷ್ಟು ಜನ. ಲಿಂಗ ಇಲ್ಲದೆ ಹೋದ ಅಂತ ಅಣ್ಣನ್ನ ಯಾರೂ ಆಡ್ಕೋಬಾರ್ದು ಅನ್ನಿಸ್ತು. ಇದು ಸಿಗೋವರೆಗೆ ಗುರುಗಳಿಗೆ ನಿಜ ಹೇಳೋ ಧೈರ್ಯ ಬರಲಿಲ್ಲ. ಈಗಲೇ ಮಠಕ್ಕೆ ಹೋಗಿ ಎಲ್ಲಾ ಹೇಳ್ತೀನಿ. ಬಂದು ಊಟ ಮಾಡ್ತೀನಿ.” ಅಂಗಿಯ ಮೇಲಿನ ಗುಂಡಿಗಳನ್ನು ಬಿಚ್ಚಿದರು. ಕೊರಳು ಬರಿದಾಗಿತ್ತು.

ಶಿವಕ್ಕ ಅಳುತ್ತಲೇ ನಕ್ಕು, ಧೂಳಿನ ಕೈಗಳನ್ನೇ ಜೋಡಿಸಿದಳು: “ತಂದೇ, ನನ್ನ ಗಂಡನ ಲಿಂಗ ಹಿಡ್ಕೊಂಡು ನಿನ್ನ ಹತ್ರ ಬಂದಿರೋರು ನಮ್ಮ ಭಾವನವರೇ; ಏನೂ ಕೇಳದೆ ಒಳಗೆ ಕರ್ಕೊಂಡು ಅವರಿಗೆ ಶಾಂತಿ ಕೊಡಪ್ಪ.”