ಖುತ್ಬಾದ ಕೋಲು

"ಇವತ್ತ ಕೋಲು ಬ್ಯಾಡ್ರಿ ಮೌಲ್ವಿಸಾಬ್. ಇದನ್ನ ಹಿಡಕೊಂಡು ಖುತ್ಬಾ ಓದ್ರಿ." ರಜಾಕಾರರ ಮುಖಂಡ ಹಶ್ಮತ್, ಮೌಲ್ವಿ ಬುರ್ಹಾನುದ್ದೀನರ ಕೋಲನ್ನು ಕಿತ್ತು ಕಾಲಡಿ ಹಾಕಿಕೊಂಡು ಬಿಚ್ಚುಗತ್ತಿ ಚಾಚಿದ. ಚಿಂಚೋಳಿಯ ಮಸೀದಿಯಲ್ಲಿ ಶುಕ್ರವಾರದ ನಮಾಜಿಗೆ, ಅದಕ್ಕೆ ಮುಂಚಿನ ಖುತ್ಬಾ ಪ್ರವಚನಕ್ಕೆ ಜನ ಸೇರಿ ಕೂತಿದ್ದರು.

ಮೌಲ್ವಿ ಕತ್ತಿಯನ್ನು ತೆಗೆದುಕೊಂಡು ಜನರತ್ತ ತಿರುಗಿದರು. "ಯುದ್ಧದಾಗ ಗೆದ್ದ ಊರಾಗ ಕತ್ತಿ ಹಿಡದು ಓದಬೇಕು, ಸುಲಹಾದ, ಅಂದ್ರ ರಾಜಿ ಆದ ಊರಾಗ ಕೋಲು ಹಿಡದು. ಇದು ನಮ್ಮ ಹಿರಿ ಆಲಿಮರ, ಪಂಡಿತರ ಮಾತು. ಈ ಮಸೀದಿಗಿ ಜಾಗ ಕೊಟ್ಟವ್ರು ಬಾಜೂ ಮನಿ ಗುರುಲಿಂಗಯ್ಯನ ಮುತ್ಯಾ. ಅವರ ಕೂಡ ನಾವು ಯಾವಾಗ ಯುದ್ಧ ಮಾಡೀವಿ?"

ಕತ್ತಿಯನ್ನು ಪ್ರವಚನ ಪೀಠದ ಮೆಟ್ಟಿಲ ಮೇಲಿಟ್ಟು, ತಮ್ಮ ಕೋಲಿಗಾಗಿ ಕೈ ಚಾಚಿದರು. ಹಶ್ಮತ್ ಕಾಲು ತೆಗೆಯಲಿಲ್ಲ. ಸೊಂಟದ ಪಿಸ್ತೂಲಿಗೆ ಕೈ ಹಾಕಿದ.

ಆಗ ಮುಂದಿನ ಸಾಲಿನಿಂದ ಹಶ್ಮತನ ಮುದಿ ತಂದೆ ತಡವರಿಸುತ್ತ ಎದ್ದು ಬಂದು, ತನ್ನ ಊರುಗೋಲನ್ನು ಮೌಲ್ವಿಯ ಕೈಗಿಟ್ಟ.

"ಓದ್ರಿ," ಎಂದ.